ಪ್ರಮಾಣಪತ್ರ ಬಂದ ಮೇಲೆ ಕಲಿತದ್ದು

ಅಮೆರಿಕದಲ್ಲಿ ಸಂಗೀತ ಚಿಕಿತ್ಸಕಿಯಾಗಿ ಕೆಲಸ ಮಾಡುತ್ತಿರುವ ನನಗೆ ಇದು ಎರಡನೆಯ ಅವಧಿಯ ನಾಲ್ಕನೆಯ ವರ್ಷ. ಅವಧಿ ಎಂದರೆ ಐದು ವರ್ಷ. ಪದವಿ ಓದಿ, 1200 ಗಂಟೆಗಳ ಕ್ಲಿನಿಕಲ್ ತರಬೇತಿ ಮುಗಿಸಿ, 1983ರಲ್ಲಿ ಸ್ಥಾಪನೆಯಾದ ಸರ್ಟಿಫಿಕೇಶನ್ ಬೋರ್ಡ್ ಫಾರ್ ಮ್ಯೂಸಿಕ್ ಥೆರಪಿಸ್ಟ್ಸ್ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೂ ಆ ಪ್ರಮಾಣಪತ್ರ ಜೀವಮಾನವಿಡೀ ನಮ್ಮದಾಗಿರುವುದಿಲ್ಲ. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಅದಕ್ಕೆ ಮುಂದುವರಿದ ಶಿಕ್ಷಣದ 100 ಕ್ರೆಡಿಟ್‌ಗಳು ಬೇಕು, ಅವುಗಳಲ್ಲಿ ಕನಿಷ್ಠ 3 ವೃತ್ತಿನೀತಿಗೆ ಸಂಬಂಧಿಸಿದವಾಗಿರಬೇಕು. ಮಂಡಳಿಯವರು ಕೆಲವರನ್ನು ಯಾದೃಚ್ಛಿಕವಾಗಿ ಆರಿಸಿ ದಾಖಲೆಗಳನ್ನು ತರಿಸಿಕೊಂಡು ಪರಿಶೀಲಿಸುವುದರಿಂದ ಪ್ರತಿಯೊಂದು ಕಾರ್ಯಾಗಾರದ ಕಾಗದವನ್ನೂ ಜೋಪಾನ ಮಾಡಿಡುವುದು ನಮಗೆಲ್ಲ ಅಭ್ಯಾಸವಾಗಿದೆ.

ಮೊದಲ ಅವಧಿಯಲ್ಲಿ ನಾನು ಈ ನೂರನ್ನು ಬಲು ಸುಲಭವಾಗಿ ಒಟ್ಟುಗೂಡಿಸಿದ್ದೆ. ಅಮೆರಿಕನ್ ಮ್ಯೂಸಿಕ್ ಥೆರಪಿ ಅಸೋಸಿಯೇಷನ್ನಿನ ವಾರ್ಷಿಕ ಸಮ್ಮೇಳನ, ವಸಂತದಲ್ಲಿ ನಡೆಯುವ ಪ್ರಾದೇಶಿಕ ಸಮ್ಮೇಳನ, ರಾತ್ರಿ ಮಕ್ಕಳು ಮಲಗಿದ ಮೇಲೆ ನೋಡಿದ ಆನ್‌ಲೈನ್ ಪಾಠಗಳು ಸೇರಿ ಲೆಕ್ಕ ಭರ್ತಿಯಾಯಿತು. ಈಗ ಆ ಪಟ್ಟಿಯನ್ನು ತೆಗೆದು ನೋಡಿದರೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ ಹಿಡಿದು ಉಪಶಾಮಕ ಆರೈಕೆಯವರೆಗೆ, ಯುಕುಲೇಲೆ ನುಡಿಸುವುದರಿಂದ ಹಿಡಿದು ದಾಖಲೆ ಬರೆಯುವ ಸಾಫ್ಟ್‌ವೇರಿನವರೆಗೆ ಎಲ್ಲ ವಿಷಯಗಳೂ ಅದರಲ್ಲಿವೆ. ಆದರೆ ಆ ಐದು ವರ್ಷ ನಾನು ದಿನನಿತ್ಯ ನೋಡುತ್ತಿದ್ದದ್ದು ಪಾರ್ಶ್ವವಾಯು ಬಡಿದವರನ್ನು. ಪಟ್ಟಿಯಲ್ಲಿ ಅವರಿಗಾಗಿ ಇದ್ದ ಪಾಠಗಳು ಎರಡೇ ಎರಡು. ಸಮಯ ಹೊಂದುವುದನ್ನೂ ಖರ್ಚು ಕಡಿಮೆಯಿರುವುದನ್ನೂ ನೋಡಿ ಪಾಠ ಆರಿಸಿಕೊಂಡಿದ್ದೆನೇ ಹೊರತು, ಮರುದಿನ ನನ್ನೆದುರು ಕುಳಿತುಕೊಳ್ಳುವವರನ್ನು ನೆನೆದು ಆರಿಸಿರಲಿಲ್ಲ. ಈ ತಪ್ಪು ನನಗೆ ಅರ್ಥವಾದದ್ದು ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿಯಿಂದ. ಅವರ ಗುರುತು ಯಾರಿಗೂ ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮಗಳ ಮನೆಗೆಂದು ಬಂದಿದ್ದ ಅವರಿಗೆ ಮಿದುಳಿನ ಎಡಭಾಗದಲ್ಲಿ ಪಾರ್ಶ್ವವಾಯುವಾಗಿ ಮಾತು ನಿಂತುಹೋಗಿತ್ತು. ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತಿತ್ತು, ಹೇಳಬೇಕಾದದ್ದು ಮನಸ್ಸಿನಲ್ಲಿ ಇತ್ತು, ಅದು ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಮಿದುಳಿಗೆ ಪೆಟ್ಟಾಗಿ ಮಾತು ಕೆಡುವುದನ್ನು ಅಫೇಸಿಯಾ ಎನ್ನುತ್ತಾರೆ. ಅದರ ಇಂಥ ಸ್ಥಿತಿಗೆಂದೇ 1973ರಲ್ಲಿ ಬಾಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್ ಮತ್ತು ಹೆಲ್ಮ್ ಎಂಬವರು ಮೆಲೊಡಿಕ್ ಇಂಟೊನೇಷನ್ ಥೆರಪಿ ಎಂಬ ವಿಧಾನವನ್ನು ಪ್ರಕಟಿಸಿದರು. ಒಂದು ಚಿಕ್ಕ ವಾಕ್ಯವನ್ನು ಎರಡೇ ಸ್ವರಗಳಲ್ಲಿ ರಾಗವಾಗಿ ಹೇಳುವುದು, ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈಯಿಂದ ಮೇಜಿನ ಮೇಲೆ ತಟ್ಟಿಸುವುದು, ಮೊದಲು ಗುನುಗಿ, ಆಮೇಲೆ ಜೊತೆಯಾಗಿ ಹೇಳಿ, ನಡುವೆ ನಮ್ಮ ದನಿಯನ್ನು ಹಿಂತೆಗೆದುಕೊಂಡು, ಕೊನೆಗೆ ರಾಗವನ್ನು ಕಳಚಿ ಬರಿಯ ಮಾತಿಗೆ ತರುವುದು ಅದರ ಕ್ರಮ. ಇದು ಮೂಲತಃ ವಾಕ್ ಚಿಕಿತ್ಸಕರ ವಿಧಾನ. ಮಿದುಳಿನ ತೊಂದರೆಗಳಿಗೆ ಸಂಗೀತವನ್ನು ಬಳಸಲು ಮೈಕಲ್ ಥೌಟ್ ಮತ್ತು ಸಂಗಡಿಗರು ರೂಪಿಸಿದ ನ್ಯೂರಾಲಜಿಕ್ ಮ್ಯೂಸಿಕ್ ಥೆರಪಿಯ ಇಪ್ಪತ್ತು ತಂತ್ರಗಳಲ್ಲಿ ಇದೂ ಒಂದಾಗಿರುವುದರಿಂದ ನಾನು ಅದನ್ನು ಕೆಲವು ದಿನಗಳ ತರಬೇತಿಯಲ್ಲಿ ಕಲಿತಿದ್ದೆ. ಅದಕ್ಕೆ ಕ್ರೆಡಿಟ್‌ಗಳೂ ಬಂದಿದ್ದವು.

ಆದರೆ ತರಬೇತಿಯಲ್ಲಿ ನಾವು ಅಭ್ಯಾಸ ಮಾಡಿದ ವಾಕ್ಯಗಳೆಲ್ಲ ಇಂಗ್ಲಿಷಿನವು. ‘ಐ ಆಮ್ ಥರ್ಸ್ಟಿ’ ಎನ್ನುವಾಗ ಒತ್ತು ಬೀಳುವ ‘ಥರ್’ಗೆ ಮೇಲಿನ ಸ್ವರ, ಉಳಿದವುಗಳಿಗೆ ಕೆಳಗಿನ ಸ್ವರ. ನಾನು ಅದೇ ಧಾಟಿಯನ್ನು ‘ನೀರು ಬೇಕು’ ಎಂಬುದಕ್ಕೆ ಹೊಂದಿಸಿ, ನಾಲ್ಕು ಅಕ್ಷರಕ್ಕೆ ನಾಲ್ಕು ಸಮ ತಟ್ಟುಗಳನ್ನಿಟ್ಟು ಹಾಡಿದೆ. ಅಜ್ಜಿ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದರು, ಬಳಿಕ ಮುಖ ತಿರುಗಿಸಿದರು. ಸಮವಾಗಿ ತಟ್ಟಿದ್ದರಿಂದ ‘ನೀರು’ ಎಂಬುದು ‘ನಿರು’ ಆಗಿಹೋಗಿತ್ತು. ನನ್ನ ಬಾಯಲ್ಲಿ ಅದು ಕನ್ನಡವಾಗಿಯೇ ಇರಲಿಲ್ಲ.

ಆ ರಾತ್ರಿ ಹೈಸ್ಕೂಲಿನ ಛಂದಸ್ಸಿನ ಪಾಠ ನೆನಪಿಗೆ ಬಂತು. ಇಂಗ್ಲಿಷಿನಲ್ಲಿ ಪದದ ರೂಪವನ್ನು ಒತ್ತು ಹಿಡಿದಿಟ್ಟರೆ ಕನ್ನಡದಲ್ಲಿ ಆ ಕೆಲಸವನ್ನು ಮಾಡುವುದು ಅಕ್ಷರದ ಅಳತೆ. ಬಳೆಗೂ ಬಾಳೆಗೂ ಇರುವ ವ್ಯತ್ಯಾಸ ಒಂದು ಮಾತ್ರೆಯದು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು ಎಂದು ಹಾಕುತ್ತ ಹೋದಂತೆ, ‘ನೀರು ಬೇಕು’ ಎರಡು, ಒಂದು, ಎರಡು, ಒಂದು ಎಂದು ಆರು ಮಾತ್ರೆಯಾಗಿ, ಮೂರರ ಎಣಿಕೆಯ ತಿಶ್ರ ನಡೆಯಲ್ಲಿ ಕುಳಿತಿತು. ‘ಕಾಫಿ ಕೊಡು’ ಐದು ಮಾತ್ರೆಯಾಗಿ, ಐದರ ಎಣಿಕೆಯ ಖಂಡ ನಡೆಗೆ ಬಂತು. ‘ಮನೆಗೆ ಹೋಗೋಣ’ ಮೂರು ಮತ್ತು ಐದು ಸೇರಿ ಎಂಟಾಯಿತು. ಹನ್ನೆರಡು ವರ್ಷ ಮೈಸೂರಿನಲ್ಲಿ ಕಲಿತ ಕರ್ನಾಟಕ ಸಂಗೀತದ ತಾಳಜ್ಞಾನವೂ ಅಮೆರಿಕದಲ್ಲಿ ಕಲಿತ ಚಿಕಿತ್ಸೆಯ ತಂತ್ರವೂ ಒಂದೇ ಪುಟದಲ್ಲಿ ಕೂಡಿದ್ದು ಅಂದೇ ಮೊದಲು. ಅಕ್ಷರಕ್ಕೊಂದೇ ತಟ್ಟು ಇರಲಿ, ಗುರು ಬಂದಲ್ಲಿ ಕೈಯನ್ನು ಮೇಜಿನ ಮೇಲೆಯೇ ಇನ್ನೊಂದು ಮಾತ್ರೆ ಒತ್ತಿ ಹಿಡಿಯೋಣ, ಮೇಲಿನ ಸ್ವರವನ್ನೂ ಅಲ್ಲಿಯೇ ಇಡೋಣ ಎಂದು ಬರೆದುಕೊಂಡೆ.

ಮರುದಿನ ಆ ಹಾಳೆಯನ್ನು ನಮ್ಮ ವಾಕ್ ಚಿಕಿತ್ಸಕಿಯ ಮುಂದಿಟ್ಟೆ. ಆಕೆಗೆ ಕನ್ನಡ ಬರುವುದಿಲ್ಲ, ಆದರೂ ಸ್ವರದ ದೀರ್ಘತೆಯಿಂದ ಅರ್ಥ ಬದಲಾಗುವ ಭಾಷೆ ಎಂದ ಕೂಡಲೇ ವಿಷಯ ಹಿಡಿದರು. ಯಾವ ವಾಕ್ಯ ಮೊದಲು ಬರಬೇಕು, ಎಷ್ಟು ಸಲ ತಪ್ಪಿದರೆ ಹಿಂದಿನ ಹಂತಕ್ಕೆ ಮರಳಬೇಕು ಎಂಬುದನ್ನೆಲ್ಲ ಅವರೇ ನಿರ್ಧರಿಸಿದರು. ಭಾಷೆಯ ಚಿಕಿತ್ಸೆಯ ಹೊಣೆ ಅವರದು, ಆ ಗೆರೆಯನ್ನು ನಾನು ದಾಟಬಾರದು. ವೃತ್ತಿನೀತಿಯ ಮೂರು ಕ್ರೆಡಿಟ್‌ಗಳಲ್ಲಿ ಓದಿದ್ದು ಪ್ರತ್ಯಕ್ಷ ಕೆಲಸಕ್ಕೆ ಬಂದದ್ದು ಹೀಗೆ. ಇನ್ನೊಂದು ತಿದ್ದುಪಡಿ ಅಜ್ಜಿಯ ಮಗಳಿಂದ ಬಂತು. ‘ಕಾಫಿ ಕೊಡು’ ಎಂದು ನಾನು ಬರೆದದ್ದನ್ನು ನೋಡಿ, ‘ನಮ್ಮ ಅವ್ವ ಕಾಫಿ ಕುಡಿಯಂಗಿಲ್ಲರಿ, ಆಕಿಗೆ ಚಾನೇ ಬೇಕು’ ಎಂದರು. ನಾನು ನನ್ನ ಮನೆಯ ಮಾತನ್ನು ಅವರ ಬಾಯಿಗಿಡಲು ಹೊರಟಿದ್ದೆ. ‘ಚಾ ಕೊಡು’ ನಾಲ್ಕು ಮಾತ್ರೆ, ನಾಲ್ಕರ ಎಣಿಕೆಯ ಸರಳವಾದ ಚತುರಶ್ರ ನಡೆ. ಅಲ್ಲಿಂದಲೇ ಪ್ರಾರಂಭಿಸಿದೆವು.

ಇಷ್ಟಾದರೂ ಎರಡು ವಾರ ಏನೂ ಮುಂದುವರಿಯಲಿಲ್ಲ. ಜೊತೆಯಲ್ಲಿ ಹೇಳುವಾಗ ಅಜ್ಜಿಯ ದನಿ ಬರುತ್ತಿತ್ತು, ನಾನು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಆಗ ಕುಟುಂಬದವರ ಲಿಖಿತ ಒಪ್ಪಿಗೆ ಪಡೆದು ಒಂದು ದಿನದ ಚಿಕಿತ್ಸೆಯನ್ನು ವಿಡಿಯೋ ಮಾಡಿ, ನಾನು ಮತ್ತು ಇನ್ನಿಬ್ಬರು ಸಹೋದ್ಯೋಗಿಗಳು ತಿಂಗಳಿಗೊಮ್ಮೆ ಒಬ್ಬ ಹಿರಿಯ ಚಿಕಿತ್ಸಕಿಯ ಜೊತೆ ನಡೆಸುವ ಸೂಪರ್‌ವಿಷನ್ ಗುಂಪಿಗೆ ಒಯ್ದೆ. ಆ ಹಿರಿಯರು ಹತ್ತು ನಿಮಿಷ ಸುಮ್ಮನೆ ನೋಡಿ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಪ್ರಶ್ನೆಗೂ ನಿಮ್ಮದೇ ಮುಂದಿನ ದನಿಗೂ ನಡುವೆ ಎಷ್ಟು ಸೆಕೆಂಡ್ ಇದೆ?

ಗಡಿಯಾರ ಹಿಡಿದು ಅಳೆದೆ. ಹೆಚ್ಚಿನ ಕಡೆ ಮೂರು ಸೆಕೆಂಡ್, ಎರಡು ಕಡೆ ಅದೂ ಇರಲಿಲ್ಲ. ಒಂದು ಜಾಗದಲ್ಲಿ ಚಿತ್ರವನ್ನು ನಿಲ್ಲಿಸಿ ನೋಡಿದಾಗ, ಅಜ್ಜಿಯ ತುಟಿಗಳು ‘ಚಾ’ ಎನ್ನಲು ಆಗಷ್ಟೇ ತೆರೆದುಕೊಳ್ಳುತ್ತಿದ್ದವು, ಅಷ್ಟರಲ್ಲಿ ನನ್ನ ದನಿ ಬಂದು ಅದನ್ನು ಮುಚ್ಚಿಬಿಟ್ಟಿತ್ತು. ವೇದಿಕೆಯ ಮೇಲೆ ಮೌನ ಬಂದರೆ ತುಂಬಿಬಿಡಬೇಕು ಎಂದು ಕಲಿತ ಗಾಯಕಿಯ ಅಭ್ಯಾಸ ಅದು. ಎಷ್ಟೋ ವರ್ಷಗಳಿಂದ ಎಷ್ಟೋ ಜನರ ಮಾತನ್ನು ಹೀಗೆ ಮುಚ್ಚಿರಬಹುದೆಂಬ ಯೋಚನೆಯಲ್ಲಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಸಲದಿಂದ ಪ್ರಶ್ನೆ ಕೇಳಿದ ಮೇಲೆ ಎಂಟು ಎಣಿಕೆಯ ಆದಿತಾಳದ ಒಂದು ಆವರ್ತವನ್ನು ನಿಧಾನವಾಗಿ ಮನಸ್ಸಿನಲ್ಲೇ ಎಣಿಸಿ ಕಾಯತೊಡಗಿದೆ. ಮೂರನೆಯ ದಿನ, ಏಳನೆಯ ಎಣಿಕೆಯಲ್ಲಿ ಅಜ್ಜಿ ಮೇಜನ್ನು ಒತ್ತಿ ಹಿಡಿದು ‘ಚಾ’ ಎಂದರು. ‘ಕೊಡು’ ಬರಲು ಇನ್ನೂ ಒಂದು ವಾರ ಬೇಕಾಯಿತು.

ಆ ಸೂಪರ್‌ವಿಷನ್ ಗಂಟೆಗೆ ನನ್ನ ಪಟ್ಟಿಯಲ್ಲಿ ಒಂದು ಕ್ರೆಡಿಟ್ಟನ್ನೂ ನಾನು ನಮೂದಿಸಿಲ್ಲ. ಬ್ರಿಟನ್ನಿನ ವ್ಯವಸ್ಥೆ ಈ ವಿಷಯದಲ್ಲಿ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಅಲ್ಲಿ ‘ಮ್ಯೂಸಿಕ್ ಥೆರಪಿಸ್ಟ್’ ಎಂಬ ಹೆಸರಿಗೇ ಕಾನೂನಿನ ರಕ್ಷಣೆಯಿದ್ದು, ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಗಂಟೆಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಆಯ್ಕೆಯಾದ ಶೇಕಡಾ 2.5ರಷ್ಟು ಜನರು ತಾವು ಏನು ಕಲಿತೆವು, ಅದರಿಂದ ತಮ್ಮ ಸೇವೆ ಪಡೆಯುವವರಿಗೆ ಏನು ಪ್ರಯೋಜನವಾಯಿತು ಎಂಬುದನ್ನು ಬರೆದು ತೋರಿಸಬೇಕು. ಅಂಥ ಪ್ರಶ್ನೆ ಎದುರಿಗಿದ್ದಿದ್ದರೆ ನನ್ನ ಮೊದಲ ಐದು ವರ್ಷದ ಯುಕುಲೇಲೆ ಪಾಠಕ್ಕೆ ನಾನು ಏನೆಂದು ಬರೆಯುತ್ತಿದ್ದೆ?

ಓದಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ನಮ್ಮ ವೃತ್ತಿಯಲ್ಲಿ ನಮಗೆ ಹಿತವಾದದ್ದನ್ನು ಮಾತ್ರ ಓದುವ ಅಪಾಯ ಬಹಳ ಇದೆ. 2017ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಆಟಿಸಂ ಇರುವ 364 ಮಕ್ಕಳ ಮೇಲೆ ಒಂಬತ್ತು ದೇಶಗಳಲ್ಲಿ ನಡೆಸಿದ ಒಂದು ಪ್ರಯೋಗ ಪ್ರಕಟವಾಯಿತು. ಮಾಮೂಲಿನ ಆರೈಕೆಯ ಜೊತೆಗೆ ಐದು ತಿಂಗಳು ಮನೋಧರ್ಮದ, ಎಂದರೆ ಆಗಿಂದಾಗಲೇ ಹೊಳೆದಂತೆ ನುಡಿಸಿ ಹಾಡುವ, ಸಂಗೀತ ಚಿಕಿತ್ಸೆ ಕೊಟ್ಟ ಮಕ್ಕಳಿಗೂ ಕೊಡದ ಮಕ್ಕಳಿಗೂ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ಅನೇಕರಿಗೆ ಅದು ನೋವಿನ ಸುದ್ದಿಯಾಗಿತ್ತು. ಅಳೆದ ಮಾಪನ ಸರಿಯಾದದ್ದೇ ಅಲ್ಲವೇ, ಮಗುವಿನ ಬದುಕಿನಲ್ಲಿ ಬೇರೆ ಯಾವುದನ್ನು ಅಳೆಯಬೇಕಿತ್ತು ಎಂಬ ಚರ್ಚೆ ಆಮೇಲೆ ದೀರ್ಘಕಾಲ ನಡೆಯಿತು. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದ 2022ರ ಕಾಕ್ರೇನ್ ಪರಾಮರ್ಶೆ ಒಟ್ಟಾರೆ ಸುಧಾರಣೆಯ ಸಂಭವ ಹೆಚ್ಚಬಹುದೆಂದು ಹೇಳಿತು. ಈ ಎರಡನ್ನೂ ಓದದ ಚಿಕಿತ್ಸಕಿ ಒಬ್ಬ ತಾಯಿಯ ಎದುರು ಕುಳಿತು ಭರವಸೆ ಕೊಡಬಾರದು ಎಂದು ನಾನು ದೃಢವಾಗಿ ನಂಬುತ್ತೇನೆ.

ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಸಂಗೀತ ಕಲಿತ ಕಿರಿಯರು ಆಗಾಗ ಕೇಳುತ್ತಾರೆ, ಯಾವ ಕೋರ್ಸು ಮಾಡಬೇಕು ಎಂದು. ಭಾರತದಲ್ಲಿ 1992ರ ಕಾಯ್ದೆಯಂತೆ ಪುನರ್ವಸತಿ ಪರಿಷತ್ತು ನೋಂದಾಯಿಸುವ ವೃತ್ತಿಗಳಲ್ಲಿ ವಾಕ್ ಚಿಕಿತ್ಸಕರೂ ವಿಶೇಷ ಶಿಕ್ಷಕರೂ ಇದ್ದಾರೆ, ಸಂಗೀತ ಚಿಕಿತ್ಸಕರು ಆ ಪಟ್ಟಿಯಲ್ಲಿಲ್ಲ. ಕೇಳುವವರಿಲ್ಲದ ಕಾರಣ ಎರಡು ದಿನದ ಶಿಬಿರದಲ್ಲಿ ಇಂಥ ರೋಗಕ್ಕೆ ಇಂಥ ರಾಗ ಎಂಬ ಚಾರ್ಟು ಕೊಟ್ಟು ಪ್ರಮಾಣಪತ್ರ ಹಂಚುವುದೂ ನಡೆಯುತ್ತದೆ. ಅಂಥದ್ದೊಂದನ್ನು ಹಣ ತೆತ್ತು ನಾನೇ ಹಿಂದೆ ಪಡೆದಿದ್ದೆ, ಒಬ್ಬ ರೋಗಿಗೂ ಅದು ಉಪಯೋಗವಾಗಲಿಲ್ಲ. ವ್ಯವಸ್ಥಿತವಾಗಿ ಕಲಿಯಬೇಕೆನ್ನುವವರಿಗೆ ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಲ್ಲಿ ಆಸ್ಪತ್ರೆಯೊಡನೆ ಹೊಂದಿಕೊಂಡ ಸಂಗೀತ ಚಿಕಿತ್ಸೆಯ ಶಿಕ್ಷಣವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಕುರಿತ ಸಂಶೋಧನೆ ನಡೆಯುತ್ತಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಗೀತದವರು ಯಾರೂ ನೆನೆಯುವುದಿಲ್ಲ, ಆದರೆ ಕನ್ನಡದ ಮಾತು ಕಳೆದುಕೊಂಡವರ ಬಗ್ಗೆ ದಶಕಗಳಿಂದ ಅಧ್ಯಯನ ಮಾಡಿದವರು ಅಲ್ಲಿದ್ದಾರೆ. ನನ್ನ ಲಘು-ಗುರುಗಳ ಹಾಳೆಯನ್ನು ಒಬ್ಬಳೇ ಕುಳಿತು ಬರೆಯುವ ಮೊದಲು ಅಂಥವರೊಬ್ಬರಿಗೆ ಪತ್ರ ಬರೆಯಬೇಕಿತ್ತು.

ಈ ಅವಧಿ ಮುಗಿಯಲು ನನಗೆ ಇನ್ನು 22 ಕ್ರೆಡಿಟ್‌ಗಳು ಉಳಿದಿವೆ. ಅವುಗಳಲ್ಲಿ ಹೆಚ್ಚಿನದನ್ನು ಅಫೇಸಿಯಾಕ್ಕೆಂದೇ ತೆಗೆದಿಟ್ಟಿದ್ದೇನೆ, ಮತ್ತು ವಾಕ್ ಚಿಕಿತ್ಸಕಿಯ ಜೊತೆ ಸೇರಿ ಪ್ರಾದೇಶಿಕ ಸಮ್ಮೇಳನದಲ್ಲಿ ಇಂಗ್ಲಿಷಲ್ಲದ ಭಾಷೆಗಳಲ್ಲಿ ಈ ವಿಧಾನವನ್ನು ಹೇಗೆ ಹೊಂದಿಸಿಕೊಳ್ಳಬಹುದೆಂದು ಒಂದು ಪಾಠ ಮಾಡಲು ಅರ್ಜಿ ಹಾಕಿದ್ದೇನೆ. ನೋಟುಪುಸ್ತಕದಲ್ಲಿ ಈಗ ನಲವತ್ತೊಂದು ವಾಕ್ಯಗಳಿವೆ. ಪ್ರತಿಯೊಂದರ ಪಕ್ಕದಲ್ಲಿ ಮಾತ್ರೆಯ ಲೆಕ್ಕವಿದೆ, ಅದರ ಮುಂದೆ ಆ ಮಾತು ಯಾವ ಸೀಮೆಯದು ಎಂದು ಬರೆದಿದೆ. ಮಂಗಳೂರು ಮತ್ತು ಕಲಬುರಗಿ ಕಡೆಯ ಮಾತುಗಳ ಪುಟಗಳು ಇನ್ನೂ ಖಾಲಿ ಇವೆ. ಆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯಲ್ಲಿ ನೀರು, ಊಟ, ನೋವು, ನಿದ್ದೆಗಳಿಗೆ ಹಿರಿಯರು ಹೇಗೆ ಹೇಳುತ್ತಾರೆ ಎಂಬುದನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದು ಕಳುಹಿಸಿ.