ಟ್ರೆಂಟ್ ನದಿಯಲ್ಲಿ ಸೆಂಟರ್‌ಪಿನ್: ಒಂದು ಚಳಿಗಾಲದ ಟಿಪ್ಪಣಿ

ಸೆಪ್ಟೆಂಬರ್

ಈ ಚಳಿಗಾಲ ಇಂಗ್ಲೆಂಡಿನ ಟ್ರೆಂಟ್ ನದಿಯಲ್ಲಿ ಬೆಂಡು ತೇಲಿಬಿಟ್ಟೇ ಮೀನು ಹಿಡಿಯೋದು, ಅದೂ ಸೆಂಟರ್‌ಪಿನ್ ಅನ್ನೋ ಹಳೆ ಬಗೆಯ ರೀಲ್‌ನಲ್ಲಿ (ತಂಗೂಸಿ ಸುತ್ತುವ ರಾಟೆ) ಅಂತ ತೀರ್ಮಾನ ಮಾಡಿದ್ದೇನೆ. ನಾಟಿಂಗ್‌ಹ್ಯಾಮ್‌ನಲ್ಲಿ ಮನೆ ಮಾಡಿಕೊಂಡು ಈ ರೀಲ್ ಕಲಿಯದೆ ಇರೋದು ಸರಿ ಅನಿಸಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಮೀನುಗಾರರು ಬಳಸುತ್ತಿದ್ದ, ಮರ ಮತ್ತು ಹಿತ್ತಾಳೆಯಲ್ಲಿ ಮಾಡಿದ ರೀಲ್‌ಗೆ ಇವತ್ತಿಗೂ ನಾಟಿಂಗ್‌ಹ್ಯಾಮ್ ರೀಲ್ ಅಂತಲೇ ಹೆಸರು. ಇದು ಲೇಸ್ ನೇಯುತ್ತಿದ್ದ ಊರು. ಆ ಯಂತ್ರಗಳ ಬಾಬಿನ್ ನೋಡಿಯೇ ರೀಲಿನ ಐಡಿಯಾ ಹೊಳೆಯಿತು ಅನ್ನೋ ಕಥೆಯೂ ಇದೆ. 1896ರಲ್ಲಿ ಇದೇ ಊರಿನ ಹೆನ್ರಿ ಕಾಕ್ಸನ್ ಅವರ ವಿನ್ಯಾಸದ ‘ಏರಿಯಲ್’ ರೀಲನ್ನು ರೆಡಿಚ್‌ನ ಆಲ್‌ಕಾಕ್ ಕಂಪನಿ ಹೊರತಂದಿತು. ಮರದ ದಪ್ಪ ಡ್ರಮ್ಮಿನ ಜಾಗಕ್ಕೆ ಕಡ್ಡಿಗಳಿರುವ ಹಗುರ ಡ್ರಮ್ ಬಂತು. ಹಗುರ ಅನ್ನೋದು ಇಲ್ಲಿ ಬಹಳ ಮುಖ್ಯ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಸೆಂಟರ್‌ಪಿನ್ ಅಂದರೆ ಮಧ್ಯದ ಒಂದು ಕಂಬಿಯ ಮೇಲೆ ತಿರುಗುವ ಡ್ರಮ್, ಅಷ್ಟೇ. ಗೇರ್ ಇಲ್ಲ. ಮೀನು ಜೋರಾಗಿ ಎಳೆದರೆ ತಾನೇ ತಂಗೂಸಿ ಬಿಟ್ಟುಕೊಡುವ ಡ್ರ್ಯಾಗ್ ಇಲ್ಲ. ಹಿಡಿಕೆ ಒಂದು ಸುತ್ತು ತಿರುಗಿಸಿದರೆ ಡ್ರಮ್ಮೂ ಒಂದೇ ಸುತ್ತು. ಈಗ ಎಲ್ಲರ ಕೈಯಲ್ಲೂ ಇರುವ ಫಿಕ್ಸೆಡ್ ಸ್ಪೂಲ್ ರೀಲ್ ಬೇರೆ ಜಾತಿ. ಅದಕ್ಕೆ 1905ರಲ್ಲಿ ಪೇಟೆಂಟ್ ಪಡೆದವರು ಆಲ್ಫ್ರೆಡ್ ಇಲ್ಲಿಂಗ್‌ವರ್ತ್, ಬ್ರಾಡ್‌ಫರ್ಡ್ ಕಡೆಯ ನೂಲಿನ ಗಿರಣಿಯವರು. ಅದರಲ್ಲಿ ಸ್ಪೂಲ್ ತಿರುಗೋದಿಲ್ಲ, ತಂಗೂಸಿ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ದೂರ ಎಸೆಯೋದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಹರಿಯುವ ನೀರಲ್ಲಿ ಬೆಂಡನ್ನು ಕೆಳಕ್ಕೆ ಬಿಡುವಾಗ ಅದು ನನಗೆ ಯಾವಾಗಲೂ ಬೇಜಾರು ಮಾಡಿದೆ. ಬೆರಳು ಎತ್ತಿದರೆ ತಂಗೂಸಿ ಸಡಿಲ. ಬೆರಳು ಒತ್ತಿದರೆ ಬೆಂಡು ಗಕ್ಕನೆ ನಿಂತುಬಿಡುತ್ತದೆ. ಇವೆರಡರ ನಡುವೆ ನನಗೆ ಬೇಕಾದ ವೇಗ ಸಿಗೋದೇ ಇಲ್ಲ.

ಕಾವೇರಿ ದಡದಲ್ಲಿ ಬಿದಿರು ಕೋಲಿಗೆ ತಂಗೂಸಿ ಕಟ್ಟಿ, ಎರೆಹುಳ ಸಿಕ್ಕಿಸಿ, ಬೆಂಡು ನೋಡುತ್ತ ಬೆಳೆದವನು ನಾನು. ಆಗ ರೀಲೇ ಇರಲಿಲ್ಲ. ಕೋಲಿನ ಉದ್ದ ಎಷ್ಟೋ ಬೆಂಡು ಹೋಗುವ ದೂರ ಅಷ್ಟೇ. ಅಲ್ಲಿಂದ ಮುಂದಕ್ಕೂ ಬೆಂಡನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡೇ ಕಳಿಸಬಹುದು ಅನ್ನೋದು ಸೆಂಟರ್‌ಪಿನ್ ಮೇಲೆ ಆಸೆ ಹುಟ್ಟಲು ಕಾರಣ.

ಅಕ್ಟೋಬರ್

ಆಯ್ಕೆಗೆ ಸಾಕಷ್ಟು ಟೈಮ್ ತಗೊಂಡೆ. ಹಳೆಯ ರೀಲ್‌ಗಳು ಚೆಂದ, ಅದರಲ್ಲೂ ರೆಡಿಚ್‌ನ ಜೆ. ಡಬ್ಲ್ಯೂ. ಯಂಗ್ ಕಂಪನಿಯವು. ಆದರೆ ಹಳೆಯದರಲ್ಲಿ ಕಂಬಿ ಸವೆದಿದ್ದರೆ ಡ್ರಮ್ ಅಲ್ಲಾಡುತ್ತದೆ, ಅದು ಕೈಯಲ್ಲಿ ಹಿಡಿದು ನೋಡದೆ ಗೊತ್ತಾಗಲ್ಲ. ಹೊಸದರಲ್ಲಿ ಎರಡು ಬಗೆ. ಒಂದರಲ್ಲಿ ಬಾಲ್ ಬೇರಿಂಗ್ ಇರುತ್ತದೆ. ಇನ್ನೊಂದರಲ್ಲಿ ಬೇರಿಂಗ್ ಇಲ್ಲ, ಕಂಬಿಯ ತುದಿಯ ಮೇಲೇ ಡ್ರಮ್ ಕೂತು ತಿರುಗುತ್ತದೆ.

ಅಂಗಡಿಯಲ್ಲಿ ಎಲ್ಲರೂ ಮಾಡೋದು ಒಂದೇ. ಡ್ರಮ್ಮನ್ನು ಜೋರಾಗಿ ತಿರುಗಿಸಿ ಎಷ್ಟು ಹೊತ್ತು ತಿರುಗುತ್ತದೆ ಅಂತ ನೋಡೋದು. ನೋಡೋಕೆ ಮಜಾ ಇದೆ. ಆದರೆ ಅದರಿಂದ ಏನೂ ತಿಳಿಯೋದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಭಾರವಾದ ಡ್ರಮ್ ಒಮ್ಮೆ ವೇಗ ಹಿಡಿದರೆ ಬಹಳ ಹೊತ್ತು ತಿರುಗುತ್ತದೆ. ನದಿಯಲ್ಲಿ ಬೇಕಾದ್ದು ಅದಲ್ಲ. ನಿಂತ ಡ್ರಮ್ ಎಷ್ಟು ಕಮ್ಮಿ ಎಳೆತಕ್ಕೆ ಹೊರಡುತ್ತದೆ ಅನ್ನೋದು ಮುಖ್ಯ. ಎಳೆಯೋದು ನೀರಿನ ಮೇಲಿರುವ ಒಂದು ಪುಟ್ಟ ಬೆಂಡು ತಾನೇ? ಹಗುರ ಡ್ರಮ್ ಬೇಗ ಹೊರಡುತ್ತದೆ, ಹೆಬ್ಬೆರಳು ಮುಟ್ಟಿದ ಕೂಡಲೇ ನಿಲ್ಲುತ್ತದೆ.

ಹಾಗಾಗಿ ನಾನು ಜೇಬಲ್ಲಿ ಒಂದು ತುಂಡು ತಂಗೂಸಿ, ಕೆಲವು ಷಾಟ್ ಗುಂಡುಗಳನ್ನು (ತಂಗೂಸಿಗೆ ಕಚ್ಚಿಸುವ ಪುಟ್ಟ ತೂಕ) ಇಟ್ಟುಕೊಂಡು ಹೋಗಿದ್ದೆ. ತಂಗೂಸಿಯನ್ನು ಡ್ರಮ್ಮಿಗೆ ಸುತ್ತಿ, ತುದಿಗೆ ಒಂದು ಎಎಎ ಗುಂಡು ಕಚ್ಚಿಸಿ ಬಿಟ್ಟೆ. ಎಎಎ ಅಂದರೆ 0.8 ಗ್ರಾಂ. ಒಂದು ರೀಲ್ ಅಲ್ಲಾಡಲೇ ಇಲ್ಲ. ಇನ್ನೊಂದು ಯೋಚನೆ ಮಾಡಿ ಮಾಡಿ ಹೊರಟಿತು. ಮೂರನೆಯದು ಬಿಟ್ಟ ಕೂಡಲೇ ಹೊರಟಿತು. ಗುಂಡು ತೆಗೆದು 0.4 ಗ್ರಾಮಿನ ಬಿಬಿ ಹಾಕಿದೆ. ಆಗಲೂ ನಿಧಾನಕ್ಕೆ ಇಳಿಯಿತು. ಅದನ್ನೇ ತಗೊಂಡೆ. 4.5 ಇಂಚಿನ ಅಲ್ಯೂಮಿನಿಯಂ ಡ್ರಮ್, ಬಾಲ್ ಬೇರಿಂಗ್, ಡ್ರಮ್ ತಾನಾಗಿ ತಿರುಗದ ಹಾಗೆ ತಡೆಯುವ ಒಂದು ರ‍್ಯಾಚೆಟ್, ತಂಗೂಸಿ ಡ್ರಮ್ಮಿನ ಹಿಂದಕ್ಕೆ ಜಾರದ ಹಾಗೆ ಒಂದು ಗಾರ್ಡ್. ಅಂಗಡಿಯಲ್ಲಿದ್ದ ದುಬಾರಿ ರೀಲ್ ಅಲ್ಲ ಇದು. ಮಧ್ಯಮ ಬೆಲೆಯದ್ದು.

ಮನೆಗೆ ತಂದು ಮೊದಲು ಮಾಡಿದ್ದು ಬೇರಿಂಗ್ ಬಿಚ್ಚಿದ್ದು. ಹೊಸ ಬೇರಿಂಗಿನಲ್ಲಿ ಗಟ್ಟಿ ಗ್ರೀಸ್ ತುಂಬಿರುತ್ತದೆ, ಚಳಿಗೆ ಅದು ಇನ್ನೂ ಗಟ್ಟಿ. ಲೈಟರ್ ಫ್ಲೂಯಿಡ್‌ನಲ್ಲಿ ತೊಳೆದು, ಒಣಗಿಸಿ, ತೆಳು ಎಣ್ಣೆ ಒಂದೇ ಒಂದು ಹನಿ. ಆಮೇಲೆ ಅದೇ ಬಿಬಿ ಗುಂಡು ಸರಾಗವಾಗಿ ಇಳಿಯಿತು.

5 ಪೌಂಡ್ ಎಳೆತ ತಡೆಯುವ ತಂಗೂಸಿ ಸುತ್ತಿದ್ದೇನೆ. ನೀರಿನ ಮೇಲೆ ತೇಲುವ ಬಗೆಯದೇ ಬೇಕು, ಮುಳುಗಿದರೆ ಎಳೆದು ಸರಿಮಾಡೋದು ಕಷ್ಟ. ಡ್ರಮ್ ತುಂಬ ತುಂಬಿಸಬಾರದು. ಜಾಸ್ತಿ ಇದ್ದರೆ ಮೇಲಿನ ಸುತ್ತು ಕೆಳಗಿನ ಸುತ್ತಿನೊಳಗೆ ಕಚ್ಚಿಕೊಂಡು, ಬೆಂಡು ಹೋಗುತ್ತ ಹೋಗುತ್ತ ತಡವರಿಸುತ್ತದೆ.

ನವೆಂಬರ್

ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್‌ನ ಉದ್ದನೆಯ ಮೆಟ್ಟಿಲುಗಳ ಮೇಲೆ ಶುರು ಮಾಡಿದೆ. ಅಲ್ಲಿಂದ ಸ್ವಲ್ಪ ದೂರಕ್ಕೇ ನಮ್ಮವರಿಗೆಲ್ಲ ಗೊತ್ತಿರುವ ಟ್ರೆಂಟ್ ಬ್ರಿಡ್ಜ್ ಕ್ರಿಕೆಟ್ ಮೈದಾನ. ಬೇಸಿಗೆಯಲ್ಲಿ ಇಲ್ಲಿ ನೀರಿನ ಓಟ ಕಮ್ಮಿ. ಮಳೆ ಬಿದ್ದು ನದಿಗೆ ಜೀವ ಬಂದ ಮೇಲೆಯೇ ಬೆಂಡು ತೇಲಿಸೋದಕ್ಕೆ ಹದ.

ಎಸೆತವೇ ಮೊದಲ ಪಾಠ. ಎಲ್ಲರ ಬಾಯಲ್ಲೂ ವಾಲಿಸ್ ಎಸೆತದ ಮಾತು. ಎಫ್. ಡಬ್ಲ್ಯೂ. ಕೆ. ವಾಲಿಸ್ ಅವರಿಂದ ಬಂದ ಹೆಸರು ಅದು. 1937ರಲ್ಲಿ ಹ್ಯಾಂಪ್‌ಶೈರ್‌ನ ಏವನ್ ನದಿಯಲ್ಲಿ 14 ಪೌಂಡ್ 6 ಔನ್ಸ್ ತೂಕದ ಬಾರ್ಬೆಲ್ ಮೀನು ಹಿಡಿದು ಆಗಿನ ದಾಖಲೆಯನ್ನು ಸರಿಗಟ್ಟಿದವರು. ರಾಡ್ (ಗಾಳದ ಕೋಲು) ಬೀಸುವಾಗಲೇ ಎಡಗೈಯಿಂದ ತಂಗೂಸಿ ಎಳೆದು ಡ್ರಮ್ಮನ್ನು ತಿರುಗಲು ಬಿಡಬೇಕು, ಬೆಂಡು ಗಾಳಿಯಲ್ಲಿರುವಾಗ ಹೆಬ್ಬೆರಳಿಂದ ಅಂಚನ್ನು ಸವರುತ್ತ ವೇಗ ತಗ್ಗಿಸಬೇಕು, ನೀರು ಮುಟ್ಟುವ ಹೊತ್ತಿಗೆ ಡ್ರಮ್ ನಿಂತಿರಬೇಕು. ಒಂದು ಕ್ಷಣ ತಡವಾದರೂ ಡ್ರಮ್ ತಿರುಗುತ್ತಲೇ ಇದ್ದು ತಂಗೂಸಿ ಗಂಟು ಗಂಟಾಗುತ್ತದೆ. ಇದು ಬೆರಳಿಗೆ ಹತ್ತೋದಕ್ಕೆ ಕಾಲ ಬೇಕು.

ಅಲ್ಲಿವರೆಗೆ ಸುಲಭದ ದಾರಿ ಇದೆ. ರಾಡಿನ ಬುಡದ ರಿಂಗ್‌ಗಳ ನಡುವಿನಿಂದ ಒಂದೆರಡು ಕುಣಿಕೆ ತಂಗೂಸಿ ಎಳೆದು ಎಡಗೈ ಬೆರಳಲ್ಲಿ ಹಿಡಿದು, ರಾಡನ್ನು ಕೆಳಗಿನಿಂದ ತೂಗಿ ಬಿಡೋದು. 13 ಅಡಿ ರಾಡ್‌ನಲ್ಲಿ ಬೆಂಡು ಎರಡು ರಾಡ್ ದೂರ ಹೋಗಿ ಬೀಳುತ್ತದೆ. ದಡದ ಹತ್ತಿರದ ಸಾಲಿನಲ್ಲಿ ಮೀನು ಹಿಡಿಯೋದಕ್ಕೆ ಅಷ್ಟು ಸಾಕು. ಹೊಸದಾಗಿ ಶುರು ಮಾಡುವ ಯಾರಿಗಾದರೂ ನಾನು ಇದನ್ನೇ ಹೇಳುತ್ತೇನೆ. ಎಸೆತದ ಚಿಂತೆಯಲ್ಲಿ ನೀರಿನ ಕಲಿಕೆ ಮುಂದೂಡಬೇಡಿ.

ವಾಪಸ್ ಸುತ್ತೋದು ನಿಧಾನ. ಒಂದು ಸುತ್ತಿಗೆ ಸುಮಾರು 35 ಸೆಂಟಿಮೀಟರ್. ಬೆಂಡು 25 ಮೀಟರ್ ಹೋಗಿದ್ದರೆ 70 ಸುತ್ತು ಬೇಕು. ಅದಕ್ಕೇ ಇಲ್ಲಿನವರು ಹಿಡಿಕೆ ಬಿಟ್ಟು ಡ್ರಮ್ಮಿನ ಅಂಚಿಗೆ ಬೆರಳುಗಳಿಂದ ತಟ್ಟುತ್ತಾರೆ. ಒಂದು ತಟ್ಟಿಗೆ ಎಷ್ಟೋ ಸುತ್ತು ತಿರುಗಿ ತಂಗೂಸಿ ಒಳಗೆ ಬರುತ್ತದೆ. ಇದು ನನಗೆ ಬೇಗ ಹಿಡಿಸಿತು.

ಡಿಸೆಂಬರ್

ಈ ತಿಂಗಳು ರೀಲ್ ಏನು ಅಂತ ನಿಜವಾಗಿ ಅರ್ಥ ಆಯಿತು. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನದಿಯ ಮೇಲಿನ ನೀರು ಬೇಗ ಓಡುತ್ತದೆ. ತಳದ ನೀರು ಕಲ್ಲು ಮರಳಿಗೆ ತಿಕ್ಕಿ ತಿಕ್ಕಿ ನಿಧಾನ ಆಗಿರುತ್ತದೆ. ಮೀನು ಸೇರಲಿ ಅಂತ ನಾವು ಎರಚಿದ ಹುಳಗಳು ತಳಕ್ಕೆ ಇಳಿದ ಮೇಲೆ ಆ ನಿಧಾನದ ನೀರಿನ ಜೊತೆ ಉರುಳುತ್ತ ಹೋಗುತ್ತವೆ. ಬೆಂಡು ಮಾತ್ರ ಮೇಲಿನ ನೀರಿನ ವೇಗದಲ್ಲಿ ಹೋಗುತ್ತ ಕೊಕ್ಕೆಯನ್ನು ಎಳೆದುಕೊಂಡು ಹೋದರೆ, ಮೀನಿನ ಕಣ್ಣಿಗೆ ಒಂದು ಹುಳ ಮಾತ್ರ ಬೇರೆಯವಕ್ಕಿಂತ ಜೋರಾಗಿ ಓಡುತ್ತಿರುತ್ತದೆ. ಚಳಿಗಾಲದ ರೋಚ್ ಮೀನು ಅದನ್ನು ಮುಟ್ಟಲ್ಲ. ಬೆಂಡನ್ನು ತಡೆಯಬೇಕು, ಆದರೆ ನಿಲ್ಲಿಸಬಾರದು. ಕರುವಿಗೆ ಹಗ್ಗ ಹಾಕಿ ಹಿಂದಿನಿಂದ ಹಿಡಿದು ನಡೆಸಿದ ಹಾಗೆ, ಅದು ಮುಂದೆ ಹೋಗುತ್ತಿರಬೇಕು, ಹಗ್ಗ ನಮ್ಮ ಕೈಯಲ್ಲಿರಬೇಕು.

ಸೆಂಟರ್‌ಪಿನ್‌ನಲ್ಲಿ ಇದನ್ನು ಮಾಡೋದು ಹೆಬ್ಬೆರಳು. ಬೆರಳಿನ ತುದಿಯ ಚರ್ಮ ಅಂಚಿಗೆ ಬರೀ ತಾಗಿದ್ದರೆ ಬೆಂಡು ನೀರಿಗಿಂತ ಒಂಚೂರು ನಿಧಾನ. ಇನ್ನೊಂದು ಕೂದಲೆಳೆಯಷ್ಟು ಒತ್ತಿದರೆ ಅರ್ಧ ವೇಗ. ಬೆಂಡಿನ ಹಿಂದೆ ನೀರು ಒಡೆದು ಚಿಕ್ಕ ಗೆರೆ ಮೂಡುತ್ತದೆ, ಅದರ ಮೇಲಿಂದಲೇ ತಡೆ ಎಷ್ಟಿದೆ ಅಂತ ತಿಳಿಯುತ್ತದೆ. ಬಹಳ ಒತ್ತಿದರೆ ಬೆಂಡು ದಡದ ಕಡೆ ಸರಿಯುತ್ತದೆ.

ಬೆಂಡು ಒಟ್ಟು 4 ಎಎಎ ಹೊರುವ ಏವನ್ ಮಾದರಿಯದು, 3.2 ಗ್ರಾಂ. ಗುಂಡುಗಳ ಗುಂಪನ್ನು ಕೊಕ್ಕೆಗಿಂತ ಎರಡು ಅಡಿ ಮೇಲೆ ಇಟ್ಟು, ಅದರ ಕೆಳಗೆ ಎರಡು ಚಿಕ್ಕ ನಂಬರ್ 6 ಗುಂಡು. ತಡೆದಾಗ ಕೊಕ್ಕೆ ಮೇಲಕ್ಕೆ ತೇಲುವುದರಿಂದ ನೀರಿನ ಆಳಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಟ್ಟಿರುತ್ತೇನೆ. ಪ್ರತಿ ಸಲ ಬೆಂಡು ಬಿಡುವ ಮೊದಲು ಹತ್ತಾರು ಹುಳ ಎರಚೋದು. ಎರಚದೆ ಸುಮ್ನೆ ಬೆಂಡು ಬಿಟ್ಟರೆ ಇಲ್ಲಿ ಏನೂ ಆಗಲ್ಲ.

ಮೋಡ ಕವಿದ ಒಂದು ಮಧ್ಯಾಹ್ನ ಇದೆಲ್ಲ ಒಟ್ಟಿಗೆ ಕೂಡಿಬಂತು. ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು, ಬೆಂಡನ್ನು ತಡೆಯೋದಕ್ಕೆ ಅದೂ ಕೈಜೋಡಿಸಿತು. ಬೆಂಡು ಹೊರಟು, ಡ್ರಮ್ ಸದ್ದಿಲ್ಲದೆ ತಿರುಗುತ್ತ, ರಾಡಿನ ತುದಿಯಿಂದ ಬೆಂಡಿನವರೆಗೆ ತಂಗೂಸಿ ನೇರ ಗೆರೆ. ಹೆಬ್ಬೆರಳನ್ನು ಒಂಚೂರು ಒತ್ತಿ ಬಿಟ್ಟೆ. ಹುಳ ತಳದಿಂದ ಎದ್ದು ಮತ್ತೆ ಇಳಿದಿರಬೇಕು. ಬೆಂಡಿನ ಕೆಂಪು ತುದಿ ಮಾಯ. ಬೆರಳು ಅಂಚಿನ ಮೇಲೇ ಇದ್ದದ್ದರಿಂದ ಕೊಕ್ಕೆ ನಾಟಿಸೋದಕ್ಕೆ ಬೇರೇನೂ ಮಾಡಬೇಕಾಗಿರಲಿಲ್ಲ, ಒತ್ತಿ ಹಿಡಿದು ರಾಡ್ ಎತ್ತಿದೆ. ಕೆಂಪು ರೆಕ್ಕೆಯ ರೋಚ್, ಅಂಗೈಗಿಂತ ದೊಡ್ಡದು. ಅದಾದ ಮೇಲೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಸಿಕ್ಕವು. ಹತ್ತಿರದಲ್ಲೇ ಫಿಕ್ಸೆಡ್ ಸ್ಪೂಲ್‌ನಲ್ಲಿ ಹಿಡಿಯುತ್ತಿದ್ದವರಿಗೆ ಮೀನು ಇರಲಿಲ್ಲ ಅಂತಲ್ಲ, ಅವರಿಗೂ ಸಿಕ್ಕವು. ಆದರೆ ನನ್ನ ಬೆಂಡು ಎಲ್ಲಿ, ಯಾವ ವೇಗದಲ್ಲಿ ಹೋಗುತ್ತಿದೆ ಅನ್ನೋದು ಅವತ್ತು ನೂರಕ್ಕೆ ನೂರು ನನ್ನ ಕೈಯಲ್ಲಿತ್ತು.

ಜನವರಿ

ನೀರು ಕೆಂಪಾಗಿ ಏರಿತ್ತು, ನದಿಗೆ ಹೋಗಲಿಲ್ಲ. ಮನೆ ಹಿಂದಿನ ಹುಲ್ಲಿನ ಮೇಲೆ ವಾಲಿಸ್ ಎಸೆತದ ಅಭ್ಯಾಸ.

ಫೆಬ್ರವರಿ

ನೀರು ಇಳಿದು, ಹಸಿರು ಬಣ್ಣಕ್ಕೆ ತಿರುಗಿದೆ. ಬೆಂಡು ಓಡುವ ಸಾಲಿನ ಕೊನೆಯಲ್ಲಿ, ನೀರಿಗೆ ಬಾಗಿದ ಗಿಡದ ಹತ್ತಿರ ಬೆಂಡನ್ನು ಪೂರ್ತಿ ತಡೆದಾಗ ಚಬ್ ಮೀನು ಕೊಕ್ಕೆ ಹಿಡಿಯಿತು. ಚಬ್ ಹಿಡಿದ ಕೂಡಲೇ ದಡದ ಬೇರುಗಳ ಕಡೆಗೇ ನುಗ್ಗುತ್ತದೆ. ಡ್ರ್ಯಾಗ್ ಇಲ್ಲದ ರೀಲ್ ಅಂದರೆ ಭಯ ಪಡುವವರು ಇದ್ದಾರೆ. ನನ್ನ ಅನುಭವ ಬೇರೆ. ಮೀನು ಎಳೆದಾಗ ಡ್ರಮ್ ಹಿಂದಕ್ಕೆ ತಿರುಗುತ್ತದೆ, ಹೆಬ್ಬೆರಳಿಗೆ ಅದರ ತಲೆ ಅಲ್ಲಾಡಿಸೋದೂ ಗೊತ್ತಾಗುತ್ತದೆ. ಎಷ್ಟು ಕೊಡಬೇಕು, ಎಲ್ಲಿ ಕೊಡಬಾರದು ಅಂತ ಬೆರಳೇ ಹೇಳುತ್ತದೆ. ಹಿಡಿಕೆಗಳು ಜೋರಾಗಿ ತಿರುಗುವಾಗ ಬೆರಳಿನ ಗಂಟಿಗೆ ಬಡಿಯದ ಹಾಗೆ ಕೈ ಸ್ವಲ್ಪ ಹೊರಗಿರಬೇಕು, ಅಷ್ಟು ನೆನಪಿಟ್ಟರೆ ಸಾಕು.

ಊರಿನ ಗೆಳೆಯರೊಬ್ಬರು ಫೋನಿನಲ್ಲಿ ಕೇಳಿದರು, ಈ ರೀಲ್ ಕಾವೇರಿಗೆ ಆಗುತ್ತಾ ಅಂತ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದಿದ್ದರು ಅಲ್ವಾ. ಬಂಡೆಗಳ ನಡುವೆ ನೂರಾರು ಅಡಿ ಓಡುವ ಅಂಥ ಮೀನಿಗೆ ಇದು ಅಲ್ಲ. ಇಲ್ಲಿನ ಬಾರ್ಬೆಲ್ ಮಹಶೀರಿನ ದೂರದ ನೆಂಟನೇ, ಆದರೆ ಅದರ ಅಳತೆ ಈ ರೀಲಿನ ಕೈಯಳತೆಗೆ ಸಿಗುತ್ತದೆ.

ಮಾರ್ಚ್

14ಕ್ಕೆ ನದಿಯ ಸೀಸನ್ ಮುಗಿಯಿತು. ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಈ ಮೀನುಗಳನ್ನು ಹಿಡಿಯುವಂತಿಲ್ಲ, ಮೊಟ್ಟೆ ಇಡುವ ಕಾಲ. ಒಳ್ಳೆಯ ನಿಯಮ.

ಬೇರಿಂಗ್ ಬಿಚ್ಚಿ ನೋಡಿದೆ. ನದಿಯ ಮಣ್ಣು ಸ್ವಲ್ಪ ಒಳಗೆ ಬಂದಿತ್ತು, ತೊಳೆದು ಎಣ್ಣೆ ಹಾಕಿದೆ. ತಂಗೂಸಿಯ ಮೊದಲ 30 ಮೀಟರ್ ಸವೆದಿದೆ, ಜೂನ್‌ಗೆ ಮೊದಲು ಬದಲಾಯಿಸಬೇಕು. ವಾಲಿಸ್ ಎಸೆತ ಈಗ ಭಾರದ ಬೆಂಡಿಗೆ ಸರಿಯಾಗಿ ಬರುತ್ತಿದೆ, 2 ಗ್ರಾಮಿಗಿಂತ ಹಗುರದ ಬೆಂಡಿಗೆ ಇನ್ನೂ ಇಲ್ಲ. ಜೂನ್ 16ಕ್ಕೆ 6 ಪೌಂಡಿನ ತಂಗೂಸಿ ಸುತ್ತಿ, ಜಲ್ಲಿಕಲ್ಲಿನ ತಳ ಇರುವ ಜೋರು ನೀರಿನಲ್ಲಿ ಬಾರ್ಬೆಲ್‌ಗೆ ಬೆಂಡು ಬಿಡುತ್ತೇನೆ.