ಭಂಡಾರಿ ಬಸದಿಯ ಸಂಧಾನಶಾಸನ

ಶ್ರವಣಬೆಳಗೊಳಕ್ಕೆ ಬಂದವರು ಹೆಚ್ಚಾಗಿ ವಿಂಧ್ಯಗಿರಿಯನ್ನು ಹತ್ತಿ, ಗೊಮ್ಮಟನ ದರ್ಶನ ಮಾಡಿಕೊಂಡು ಹಿಂದಿರುಗುತ್ತಾರೆ. ನಾನು ಈ ಬಾರಿ ಮೊದಲು ಹೋದದ್ದು ಊರೊಳಗಿನ ಭಂಡಾರಿ ಬಸದಿಗೆ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಈ ಬಸದಿಯ ಗರ್ಭಗೃಹದಲ್ಲಿ ಇಪ್ಪತ್ನಾಲ್ಕು ತೀರ್ಥಂಕರರೂ ಸಾಲಾಗಿ ನಿಂತಿದ್ದಾರೆ. ಆ ನೋಟ ಭವ್ಯವಾದದ್ದೇ; ಆದರೂ ನನ್ನನ್ನು ಅಲ್ಲಿಗೆ ಸೆಳೆದದ್ದು ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ, 1368ರ ಶಾಸನ.

ಜೈನರಿಗೂ ರಾಮಾನುಜರ ಅನುಯಾಯಿಗಳಾದ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಕಡೆಯ ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡಿದ್ದರು. ಉತ್ತರದಲ್ಲಿ ಬಹಮನಿ ಸುಲ್ತಾನರೊಡನೆ ಸೆಣಸುತ್ತಿದ್ದ ಬುಕ್ಕರಾಯನಿಗೆ ಒಳನಾಡಿನ ಈ ಜಗಳವನ್ನು ಬೆಳೆಯಗೊಡುವ ಅವಕಾಶವಿರಲಿಲ್ಲ. ಅವನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರ ಹಾಗೂ ಹದಿನೆಂಟು ನಾಡಿನ ಶ್ರೀವೈಷ್ಣವರ ಸಮಕ್ಷಮದಲ್ಲಿ ಜೈನರ ಕೈಹಿಡಿದು ವೈಷ್ಣವರ ಕೈಗೆ ಒಪ್ಪಿಸಿ, ಎರಡು ದರ್ಶನಗಳಿಗೂ, ಅಂದರೆ ಮತಗಳಿಗೂ, ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದು ವಿಧಿಸಿದನು. ವಾದ್ಯ, ಕಲಶಗಳ ವಿವಾದ ಇಂದು ಸಣ್ಣದೆನಿಸಬಹುದು. ಮೆರವಣಿಗೆಯ ಮರ್ಯಾದೆಯಲ್ಲಿಯೇ ಸಮುದಾಯದ ಸ್ಥಾನ ತಿಳಿಯುತ್ತಿದ್ದ ಕಾಲಕ್ಕೆ ಅದು ದೊಡ್ಡ ವಿಷಯವೇ.

ನಾನು ಮತ್ತೆ ಮತ್ತೆ ಯೋಚಿಸಿದ್ದು ಮುಂದಿನ ಏರ್ಪಾಡಿನ ಬಗ್ಗೆ. ರಾಜ್ಯದ ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ (ಆಗಿನ ಒಂದು ನಾಣ್ಯ) ಕೊಡಬೇಕು. ತಿರುಮಲೆಯ ಶ್ರೀವೈಷ್ಣವನಾದ ತಾತಯ್ಯನು ಅದನ್ನು ಎತ್ತಿ, ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿಟ್ಟು, ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಹೀಗೆ ಆರೋಪ ಹೊತ್ತ ಪಕ್ಷದವನೇ ರಕ್ಷಣೆಗೆ ಹೊಣೆಗಾರನಾದನು; ಕಾವಲಿನ ವೆಚ್ಚ ಮಾತ್ರ ದೂರಿತ್ತವರ ಮೇಲೆಯೇ ಬಿತ್ತು. ಇದನ್ನು ಕೇವಲ ಸಹಿಷ್ಣುತೆಯೆಂದು ಹೊಗಳಿ ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಶಾಸನ ಆರಂಭವಾಗುವುದೇ ರಾಮಾನುಜರ ಸ್ತುತಿಯಿಂದ. ಯಾರ ಕೈ ಮೇಲಾಗಿತ್ತೆಂಬುದು ಅಲ್ಲಿಯೇ ತಿಳಿಯುತ್ತದೆ. ಆದರೆ ಬಲಿಷ್ಠರನ್ನು ಅವರದೇ ಮಾತಿನಲ್ಲಿ ಕಟ್ಟಿಹಾಕಿದ ಅರಸನ ಮುತ್ಸದ್ದಿತನಕ್ಕೆ ನಾನು ತಲೆಬಾಗುತ್ತೇನೆ. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂದು ಬರೆಸಿದ್ದರಿಂದ, ದಂಡನೆಯ ಭಯದೊಂದಿಗೆ ತಮ್ಮವರ ನಡುವಿನ ಮಾನದ ಪ್ರಶ್ನೆಯೂ ಸೇರಿಕೊಂಡಿತು.

ಕೊನೆಯಲ್ಲಿ ಕಲ್ಲೇಹದ ಬುಸುವಿಸೆಟ್ಟಿಯ ಹೆಸರಿದೆ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿದ ಅವನಿಗೆ ಎರಡೂ ಮತದವರು ಕೂಡಿ ಸಂಘನಾಯಕ ಪಟ್ಟ ಕಟ್ಟಿದರು. ಇದೇ ಒಪ್ಪಂದದ ಇನ್ನೊಂದು ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಬೆಳಗೊಳದಿಂದ ನಾನು ಅತ್ತ ಹೊರಟೆ.