ಹಂತಕನ ಕಾದಂಬರಿ ತಿದ್ದುವಾಗ ಮೊದಲು ನೋಡಬೇಕಾದ ಲೆಕ್ಕ

ಹಂತಕನೊಬ್ಬ ಒತ್ತೆಯಲ್ಲಿರುವ ತಂಗಿಯನ್ನೋ ಹೆಂಡತಿಯನ್ನೋ ಬಿಡಿಸಿಕೊಂಡು ಬರುವ ಕಥೆಯ ಹಸ್ತಪ್ರತಿ ಬಂದಾಗ, ಭಾಷೆಗೆ ಕೈ ಹಾಕುವ ಮುಂಚೆ ಸಂಪಾದಕರು ಒಂದು ಪ್ರಶ್ನೆ ಕೇಳಲೇಬೇಕು: ಅಪಹರಿಸಿದವರು ಅವಳನ್ನು ಇನ್ನೂ ಯಾಕೆ ಕೊಂದಿಲ್ಲ? ನಾಯಕನನ್ನು ಮುಗಿಸುವುದಷ್ಟೇ ಗುರಿಯಾಗಿದ್ದರೆ, ಅವನು ಬಲೆಗೆ ಬಿದ್ದ ಮೇಲೆ ಅವಳು ಬದುಕಿರಬೇಕಾದ ಅಗತ್ಯವಿಲ್ಲ. ಅವನೊಬ್ಬನೇ ಮಾಡಬಲ್ಲ ಕೆಲಸವೊಂದು ಅವರಿಗೆ ಬೇಕಿರಬೇಕು. ಅದಕ್ಕೆ ಗಡುವಿರಬೇಕು. ಅವಳು ಜೀವಂತ ಇದ್ದಾಳೆ ಎಂಬ ಖಾತ್ರಿಯನ್ನು ಅವನು ಮತ್ತೆ ಮತ್ತೆ ಕೇಳಬೇಕು. ಇದು ಗಟ್ಟಿಯಿಲ್ಲದಿದ್ದರೆ ಮುಂದೆ ಎಷ್ಟು ಗುಂಡು ಹಾರಿದರೂ ಓದುಗರಿಗೆ ಭಯ ಹುಟ್ಟುವುದಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಐದು ಅಂಕಣ ಎಳೆಯಿರಿ: ಅಧ್ಯಾಯ, ಗಂಟೆ, ಜಾಗ, ಉಳಿದ ಗುಂಡು, ಮೈಮೇಲಿನ ಗಾಯ. ಹೆಚ್ಚಿನ ತಪ್ಪುಗಳು ಇಲ್ಲಿಯೇ ಸಿಕ್ಕಿಬೀಳುತ್ತವೆ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ.; ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು. ರಾತ್ರಿ ಹತ್ತಕ್ಕೆ ಹೊರಟವನು ಒಂದು ಗಂಟೆಗೆ ಬಂದರಿನ ಗೋದಾಮಿನ ಮುಂದೆ ನಿಂತರೆ ಆ ಅಧ್ಯಾಯ ಕೆಟ್ಟಂತೆಯೇ. ಮಳೆಗಾಲವಾದರೆ ಗುಡ್ಡ ಕುಸಿದು ಶಿರಾಡಿ ಮುಚ್ಚಿರಬಹುದು, ಆಗ ಚಾರ್ಮಾಡಿ ಇಲ್ಲವೇ ಮಡಿಕೇರಿ ಮೇಲಿಂದ ಸಂಪಾಜೆ. ಈ ಸುತ್ತನ್ನು ಲೇಖಕರು ತೊಂದರೆ ಎಂದು ನೋಡಬಾರದು. ಗಡುವು ಓಡುತ್ತಿರುವಾಗ ದಾರಿ ಉದ್ದವಾಗುವುದಕ್ಕಿಂತ ಒಳ್ಳೆಯ ಉದ್ವೇಗ ಬೇರೆ ಬೇಕೆ? 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಆ ನಂತರದ ಕಥೆಯಲ್ಲಿ ಕಸುಬುದಾರ ಹಂತಕ ಸ್ವಂತ ಕಾರಿನಲ್ಲಿ ಟೋಲ್ ದಾಟಿದರೆ ತನ್ನ ಜಾಡನ್ನು ತಾನೇ ಬರೆದುಕೊಟ್ಟಂತೆ.

ಬಂದೂಕಿನ ವಿಷಯದಲ್ಲಿ ಪಿಸ್ತೂಲು ಮತ್ತು ರಿವಾಲ್ವರ್ ಒಂದೇ ಪುಟದಲ್ಲಿ ಅದಲುಬದಲಾಗುವುದು ತೀರಾ ಸಾಮಾನ್ಯ. ರಿವಾಲ್ವರಿನಿಂದ ಖಾಲಿ ತೋಟಾ ತಾನಾಗಿ ನೆಲಕ್ಕೆ ಬೀಳುವುದಿಲ್ಲ. ಅದಕ್ಕೆ ಸೈಲೆನ್ಸರ್ ಹಾಕಿಯೂ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ತಿರುಗುವ ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದಿನಿಂದ ಅನಿಲವೂ ಸದ್ದೂ ಹೊರಬರುತ್ತವೆ. ಪಿಸ್ತೂಲಿಗೆ ಹಾಕಿದರೂ 160 ಡೆಸಿಬೆಲ್ ಆಸುಪಾಸಿನ ಸದ್ದು 130ರ ಹತ್ತಿರಕ್ಕೆ ಇಳಿಯುತ್ತದೆ ಅಷ್ಟೆ. ಪಕ್ಕದ ಕೋಣೆಯ ಕಾವಲುಗಾರನಿಗೆ ಖಂಡಿತ ಕೇಳುತ್ತದೆ. ನಮ್ಮಲ್ಲಿ 9 ಎಂಎಂ ಸಾಮಾನ್ಯರಿಗೆ ನಿಷಿದ್ಧ ಬೋರ್ (ನಳಿಕೆಯ ಒಳಗಿನ ಅಳತೆ). ಅದು ಪಾತ್ರದ ಕೈಗೆ ಎಲ್ಲಿಂದ ಬಂತು ಎಂಬುದಕ್ಕೆ ಒಂದು ಸಾಲಾದರೂ ಬೇಕು. ಕಾನ್‌ಪುರದ .32 ರಿವಾಲ್ವರಿನಲ್ಲಿ ಆರು ಗುಂಡು. ಏಳನೆಯದು ಹಾರಿದರೆ ಓದುಗರು ಪತ್ರ ಬರೆಯುತ್ತಾರೆ, ಬರೆಯಲೂಬೇಕು.

ಗಾಯದಲ್ಲಿ ಹೆಚ್ಚು ಅನ್ಯಾಯವಾಗುವುದು ಭುಜಕ್ಕೆ. ಭುಜಕ್ಕೆ ಬಿದ್ದ ಗುಂಡು ಸಣ್ಣದೆಂದು ಬರೆಯುತ್ತಾರೆ. ಅಲ್ಲಿ ದೊಡ್ಡ ರಕ್ತನಾಳವಿದೆ, ಕೈಗೆ ಹೋಗುವ ನರಗಳ ಕಟ್ಟಿದೆ. ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಒಂದೂವರೆ ಲೀಟರ್ ಮೀರಿ ಹೋದರೆ ಮನಸ್ಸು ಗಲಿಬಿಲಿಯಾಗುತ್ತದೆ, ನಿಲ್ಲಲು ಆಗುವುದಿಲ್ಲ. ಅಂಥವನನ್ನು ಕಾಂಪೌಂಡ್ ಹತ್ತಿಸಬೇಡಿ. ಕ್ಲೋರೋಫಾರ್ಮ್ ಕರವಸ್ತ್ರವೂ ಕ್ಷಣದಲ್ಲಿ ಮಲಗಿಸುವುದಿಲ್ಲ, ಕೆಲವು ನಿಮಿಷ ಬೇಕು.

ಇನ್ನು ಕನ್ನಡದ್ದೇ ಆದ ತೊಡಕು. ನಮ್ಮ ಕ್ರಿಯಾಪದ ಲಿಂಗವನ್ನು ಬಿಟ್ಟುಕೊಡುತ್ತದೆ. ಮುಸುಕಿನ ಹಿಂದಿರುವುದು ಹೆಂಗಸು ಎಂಬುದನ್ನು ಇನ್ನೂರನೇ ಪುಟದವರೆಗೆ ಅಡಗಿಸಬೇಕಿದ್ದರೆ ‘ಹಾರಿಸಿದ’ ಎಂದರೆ ಮೋಸ, ‘ಹಾರಿಸಿದಳು’ ಎಂದರೆ ಗುಟ್ಟು ರಟ್ಟು. ಆಕೃತಿ ಸರಿಯಿತು, ಕೈ ಮೇಲೆದ್ದಿತು, ಗುಂಡು ಹಾರಿತು ಎಂದು ವಸ್ತುವನ್ನೇ ಕರ್ತೃ ಮಾಡುವುದು ದಾರಿ. ಆದರೆ ಇದು ಒಂದೆರಡು ಪುಟ ತಾಳುತ್ತದೆ, ಇಡೀ ಅಧ್ಯಾಯ ತಾಳುವುದಿಲ್ಲ. ಇಬ್ಬರು ಗಂಡಸರು ಹೊಡೆದಾಡುವಾಗ ‘ಅವನು ಅವನ ಕೈ ತಿರುಚಿದ’ ಎಂದರೆ ಯಾರ ಕೈ? ನಾಯಕನಿಗೆ ‘ಇವನು’, ಎದುರಾಳಿಗೆ ‘ಅವನು’ ಎಂದು ಮೊದಲೇ ನಿಗದಿ ಮಾಡಿ. ಮೂರನೆಯವನು ಬಂದರೆ ‘ಗಡ್ಡದವನು’ ಎಂಬಂಥ ಗುರುತು ಕೊಡಿ. ತಿರುಗಿದ, ಬಗ್ಗಿದ, ಹೊಡೆದ, ಬಿದ್ದ ಎಂದು ಸಾಲು ಸಾಲು ‘ದ’ಕಾರದಲ್ಲಿ ಮುಗಿದರೆ ಪೆಟ್ಟಿಗಿಂತ ಪ್ರಾಸವೇ ಕಿವಿಗೆ ಬೀಳುತ್ತದೆ. ‘ತಿರುಗಿ, ಬಗ್ಗಿ’ ಎಂದು ಪೋಣಿಸಬಹುದು, ಎರಡು ಮೂರಕ್ಕೆ ನಿಲ್ಲಿಸಿ. ನಾಲ್ಕನೆಯದಕ್ಕೆ ವೇಗ ಸಾಯುತ್ತದೆ.

ಈ ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದದ್ದು ಒತ್ತೆಯಲ್ಲಿರುವವಳಿಗೆ. ಬಹುತೇಕ ಕರಡುಗಳಲ್ಲಿ ಅವಳು ಎತ್ತಿಕೊಂಡು ಹೋದ, ಎತ್ತಿಕೊಂಡು ಬಂದ ಸಾಮಾನು. ಅಪಹರಣಕ್ಕೆ ಮುಂಚೆ ಇಬ್ಬರೂ ಒಟ್ಟಿಗಿರುವ ಎರಡು ದೃಶ್ಯವಾದರೂ ಇರಲಿ, ಅವುಗಳಲ್ಲಿ ಪ್ರೀತಿಯ ವಿಶೇಷಣಗಳ ಬದಲು ‘ಅಣ್ಣ, ಗ್ಯಾಸ್ ಬುಕ್ ಮಾಡಿದ್ಯಾ?’ ಎಂಬಂಥ ಮಾತಿರಲಿ. ಸೆರೆಯಲ್ಲಿ ಅವಳಿಗೆ ತನ್ನದೇ ಅಧ್ಯಾಯಗಳು ಬೇಕು: ಕಾವಲುಗಾರರು ಯಾವಾಗ ಬದಲಾಗುತ್ತಾರೆ, ಹೊರಗೆ ಯಾವ ಸದ್ದು, ಯಾರು ಮೆತ್ತಗಿನವನು. ಹತ್ತು ಗಂಟೆ ಬೆನ್ನ ಹಿಂದೆ ಬಿಗಿದ ಕೈ ಬಿಚ್ಚಿದ ಕೂಡಲೇ ಬಂದೂಕು ಹಿಡಿಯಲಾರದು. ಬೆರಳುಗಳಿಗೆ ಜೋಮು ಹಿಡಿದಿರುತ್ತದೆ. ಅವಳು ಮಾಡುವ ಒಂದು ಕೆಲಸದಿಂದಲೇ ಬಿಡುಗಡೆ ಸಾಧ್ಯವಾಗಬೇಕು, ಮತ್ತು ಆ ಕೆಲಸ ಜೋಮು ಹಿಡಿದ ಕೈಗೂ ಆಗುವಂಥದ್ದಾಗಿರಬೇಕು.

ಮುನ್ನೂರು ಪುಟದ ಪುಸ್ತಕವಾದರೆ ಬಿಡುಗಡೆ 260ರ ಒಳಗೆ ಮುಗಿಯಲಿ. ಅಣ್ಣ ಏನು ಕೆಲಸ ಮಾಡುತ್ತಾನೆಂದು ಅವಳು ಆಗಷ್ಟೇ ಕಣ್ಣಾರೆ ಕಂಡಿದ್ದಾಳೆ. ಉಳಿದ ನಲವತ್ತು ಪುಟ ಅವರಿಬ್ಬರ ಮಾತಿಗೆ ಬೇಕು. ಅಲ್ಲಿಗೆ ಇನ್ನೊಂದು ಬೆನ್ನಟ್ಟುವಿಕೆ ತುರುಕಿದ್ದರೆ ತೆಗೆದುಹಾಕಿ.